ಕೆಟ್ಟ ಪ್ಯಾನೆಲ್ ಗುಜರಿಗೆ ಬೇಡ, ಪ್ರಯೋಗಾಲಯಕ್ಕೆ ಬರಲಿ

ಮಾನ್ಯರೇ,

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಕ್ಕೆ ಸೋಲಾರ್ ಪ್ಯಾನೆಲ್ ಕಾರ್ಖಾನೆ ಬರಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಪ್ಯಾನೆಲ್ಲಿನ ಯಾವ ಭಾಗ ಇಲ್ಲಿ ತಯಾರಾಗಬೇಕು, ಅದರ ಗುಣಮಟ್ಟವನ್ನು ಯಾರು ಪರೀಕ್ಷಿಸಬೇಕು ಎನ್ನುವುದು ಇತ್ಯರ್ಥವಾಗುವ ಮೊದಲೇ ಎಕರೆ, ಸಬ್ಸಿಡಿಗಳ ಮಾತು ಶುರುವಾಗುತ್ತದೆ. ಅದಕ್ಕಾಗಿ ಈ ಪತ್ರ.

ಪ್ಯಾನೆಲ್ ತಯಾರಾಗುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಪಾಲಿಸಿಲಿಕಾನ್ ಎಂಬ ಶುದ್ಧ ಸಿಲಿಕಾನ್, ಅದನ್ನು ಕರಗಿಸಿ ಎಳೆದ ಗಟ್ಟಿ, ಗಟ್ಟಿಯನ್ನು ಸೀಳಿದ ತೆಳು ಬಿಲ್ಲೆ ಅಂದರೆ ವೇಫರ್, ವೇಫರಿನಿಂದ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್, ಸೆಲ್ಲುಗಳನ್ನು ಜೋಡಿಸಿದರೆ ಪ್ಯಾನೆಲ್. ಕೊನೆಯ ಮೆಟ್ಟಿಲಿನಲ್ಲಿ ನಮ್ಮ ದೇಶ ಗಟ್ಟಿಯಾಗಿ ನಿಂತಿದೆ, ಸೆಲ್ಲಿನಲ್ಲಿ ಮೇಲೆ ಬರುತ್ತಿದೆ. ವೇಫರ್ ಮಾತ್ರ ಬಹುಪಾಲು ಚೀನಾದ್ದೇ. ನಾವೇನೂ ಹೊಸದಾಗಿ ಕಲಿಯುತ್ತಿರುವವರಲ್ಲ. ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1977ರಲ್ಲೇ ಸೆಲ್ ಮಾಡಿತ್ತು, ಬೆಂಗಳೂರಿನ ಬಿಎಚ್‌ಇಎಲ್ ಕೂಡ ದಶಕಗಳಿಂದ ಮಾಡುತ್ತ ಬಂದಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್ ದೇಶೀ ಪ್ಯಾನೆಲ್ಲನ್ನೇ ಬಳಸಬೇಕೆಂದಿತು, ಆದರೆ ವೇಫರ್ ಬೇಡದ, ಗಾಜಿನ ಮೇಲೆ ತೆಳುವಾಗಿ ಲೇಪಿಸಿ ಮಾಡುವ ಥಿನ್ ಫಿಲ್ಮ್ ಪ್ಯಾನೆಲ್ಲಿಗೆ ವಿನಾಯಿತಿ ಕೊಟ್ಟಿತು. ಆ ಬಾಗಿಲಿನಿಂದ ಅಮೆರಿಕದ ಸರಕು ಅಲ್ಲಿಯದೇ ಸರ್ಕಾರಿ ಬ್ಯಾಂಕಿನ ಅಗ್ಗದ ಸಾಲದೊಂದಿಗೆ ಒಳಗೆ ಬಂತು. ಚೀನಾದ ಬೆಲೆ ಕುಸಿತವೂ ಅದೇ ಹೊತ್ತಿಗೆ ಸೇರಿ ನಮ್ಮ ಸೆಲ್ ಘಟಕಗಳು ಸಾಲುಸಾಲಾಗಿ ಕೆಲಸ ನಿಲ್ಲಿಸಿದವು. ಸಾಲದ್ದಕ್ಕೆ ದೇಶೀ ಸರಕಿನ ಆ ಕಡ್ಡಾಯದ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಹೂಡಿದ ದಾವೆಯನ್ನು 2016ರಲ್ಲಿ ಸೋತೆವು.

ಈಗ ರಕ್ಷಣೆ ಬಲವಾಗಿದೆ. 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್ಲಿಗೆ ಶೇ 40, ಸೆಲ್ಲಿಗೆ ಶೇ 25 ಸುಂಕ ಬಂತು. ಅನುಮೋದಿತ ತಯಾರಕರ ಪಟ್ಟಿಯನ್ನು 2026ರ ಜೂನ್‌ನಿಂದ ಸೆಲ್ಲುಗಳಿಗೂ ವಿಸ್ತರಿಸುವ ಆದೇಶವಾಗಿದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಹಾಕಿಸುವವರಿಗೆ ಸಿಗುವ 78,000 ರೂಪಾಯಿ ಸಹಾಯಧನಕ್ಕೆ ದೇಶೀ ಸೆಲ್ಲಿನ ಪ್ಯಾನೆಲ್ಲೇ ಆಗಬೇಕು. ಅಂದರೆ ಸಹಾಯಧನ ಪಡೆಯುವ ಗ್ರಾಹಕನಿಗೆ ಆಮದು ಸರಕಿನ ಆಯ್ಕೆ ಉಳಿದಿಲ್ಲ. ಹಾಗಿರುವಾಗ ಅವನಿಗೆ ಕೊಡುವ ದೇಶೀ ಸರಕು 25 ವರ್ಷ ಬಾಳುತ್ತದೆ ಎಂದು ತೋರಿಸುವ ಹೊಣೆ ತಯಾರಕರದು, ಸರ್ಕಾರದ್ದು.

ಆ ಬಾಳಿಕೆ ನಿಂತಿರುವುದು ಸಣ್ಣಪುಟ್ಟ ಕೆಲಸಗಳ ಮೇಲೆ. 550 ವಾಟಿನ ಪ್ಯಾನೆಲ್ಲಿನಲ್ಲಿ 182 ಮಿ.ಮೀ. ಸೆಲ್ಲನ್ನು ಲೇಸರಿನಿಂದ ಅರ್ಧ ಮಾಡಿದ 144 ತುಂಡುಗಳಿರುತ್ತವೆ, ದಪ್ಪ ಸುಮಾರು 150 ಮೈಕ್ರಾನ್. ಅವುಗಳಿಗೆ ತವರ ಲೇಪಿಸಿದ ತಾಮ್ರದ ತಂತಿ ಬೆಸೆಯುತ್ತಾರೆ. ಬೆಸುಗೆ ತಂತಿ ಸ್ವಲ್ಪ ಸರಿದರೂ ಸೆಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಬಹುದು. ಶಾಖ ಸಾಲದಿದ್ದರೆ ಬೆಸುಗೆ ಕೂತಂತೆ ಕಂಡರೂ ಹಿಡಿದಿರುವುದಿಲ್ಲ, ಮುಂದೆ ಆ ಜಾಗ ಕಾದು ಹಿಂಬದಿಯ ಹಾಳೆಯನ್ನು ಸುಡುತ್ತದೆ. ಆಮೇಲೆ 3.2 ಮಿ.ಮೀ. ಗಾಜು, ಪದರಗಳನ್ನು ಅಂಟಿಸುವ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ, ಸೆಲ್ಲುಗಳ ಸಾಲು, ಮತ್ತೊಂದು ಇವಿಎ, ಕೊನೆಗೆ ಬ್ಯಾಕ್‌ಶೀಟ್ ಅಂದರೆ ಹಿಂಬದಿಯ ಹಾಳೆ. ಇವಿಷ್ಟನ್ನು ಲ್ಯಾಮಿನೇಟರಿನಲ್ಲಿಟ್ಟು ಮೊದಲು ಗಾಳಿ ಎಳೆದು, ನಂತರ 145ರಿಂದ 150 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಒಟ್ಟು 12ರಿಂದ 18 ನಿಮಿಷದ ಕೆಲಸ.

ಹೆಚ್ಚಿನ ಘಟಕಗಳು ಎಡವುವುದು ಇಲ್ಲಿಯೇ. ದಿನದ ಲೆಕ್ಕ ಏರಿಸಲು ಪ್ರತಿ ಸುತ್ತಿಗೆ ಎರಡು ನಿಮಿಷ ಕಡಿತ ಮಾಡುತ್ತಾರೆ. ಇವಿಎ ಪೂರ್ತಿ ಬೇಯುವುದಿಲ್ಲ. ಅಥವಾ ಮಳೆಗಾಲದಲ್ಲಿ ರೋಲ್ ತೆರೆದಿಟ್ಟಿರುತ್ತಾರೆ, ಹಾಳೆ ತೇವ ಕುಡಿದಿರುತ್ತದೆ. ಅಂಥ ಪ್ಯಾನೆಲ್ಲೂ ಕಾರ್ಖಾನೆಯಿಂದ ಹೊರಬೀಳುವ ದಿನ, ಕ್ಷಣದ ಬೆಳಕು ಹಾಯಿಸಿ ವಾಟ್ ಅಳೆಯುವ ಫ್ಲ್ಯಾಶ್ ಟೆಸ್ಟರಿನಲ್ಲಿ ಚೊಕ್ಕಟವಾಗಿ 550 ವಾಟ್ ತೋರಿಸುತ್ತದೆ. ಎರಡು ಮೂರು ಬೇಸಿಗೆ ಕಳೆದ ಮೇಲೆ ಪದರ ಏಳುತ್ತದೆ, ಇವಿಎಯಿಂದ ಹೊರಟ ಅಸಿಟಿಕ್ ಆಮ್ಲ ತಂತಿಯನ್ನು ತಿನ್ನುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಸೆಲ್ 65 ಡಿಗ್ರಿ ಮುಟ್ಟುವುದು ಸಾಮಾನ್ಯ. 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಶೇ 0.35ರಂತೆ ಲೆಕ್ಕ ಹಾಕಿದರೆ ಒಳ್ಳೆಯ ಪ್ಯಾನೆಲ್ಲೇ ಆ ಹೊತ್ತಿನಲ್ಲಿ 77 ವಾಟ್ ಕಳೆದುಕೊಂಡಿರುತ್ತದೆ, ಇನ್ನು ಇದರ ಪಾಡೇನು? ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಬೂದಿ, ಸುಣ್ಣದ ಕಲ್ಲಿನ ಗಣಿಯ ಧೂಳು, ತೊಳೆಯಲು ಕೊಳವೆಬಾವಿಯ ಸವಳು ನೀರು ಬಿಟ್ಟ ಬಿಳಿ ಕಲೆ, ಇವೆಲ್ಲ ಇದರ ಮೇಲೆ.

ಹೊಲದಲ್ಲಿ ಸೋಲಾರ್ ಪಂಪು ಏಳದಿದ್ದರೆ ಪ್ಯಾನೆಲ್ ಬದಲಾಗುತ್ತದೆ, ಕೆಟ್ಟದ್ದು ಗುಜರಿ ಸೇರುತ್ತದೆ. ಯಾಕೆ ಕೆಟ್ಟಿತು ಎಂಬುದು ಅದರೊಂದಿಗೇ ಹೋಗುತ್ತದೆ. ನಮ್ಮ ಮಟ್ಟಿಗೆ ದೇಶೀ ತಯಾರಿಕೆಯ ದೊಡ್ಡ ನಷ್ಟ ಇದೇ.

ಆದ್ದರಿಂದ ನಮ್ಮ ಸಲಹೆ ಹೀಗಿದೆ. ಸೆಲ್ ಕಾರ್ಖಾನೆಯನ್ನು ಈ ಭಾಗಕ್ಕೆ ಕೇಳುವುದು ಬೇಡ. ಅದಕ್ಕೆ ಅತಿಶುದ್ಧ ನೀರು ಹೇರಳವಾಗಿ ಬೇಕು, ಹೈಡ್ರೋಫ್ಲೋರಿಕ್ ಆಮ್ಲದ ತ್ಯಾಜ್ಯ ಸಂಸ್ಕರಿಸಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರುಗಳ ನಡುವೆ ಅದು ಸಲ್ಲದು. ಬೆಳಗಾವಿಯಲ್ಲಿ ಅಲ್ಯುಮಿನಾ ಇದೆ, ಹಾಗಾಗಿ ಪ್ಯಾನೆಲ್ ಫ್ರೇಮ್ ತಾನೇ ಬರುತ್ತದೆ ಎನ್ನುವವರಿದ್ದಾರೆ. ಇಲ್ಲಿ ಆಗುವುದು ಅಲ್ಯುಮಿನಿಯಂ ಲೋಹಕ್ಕೆ ಬೇಕಾದ ಪುಡಿ ಮಾತ್ರ. ಲೋಹ ಕರಗಿಸುವುದು ಬೇರೆ ರಾಜ್ಯದಲ್ಲಿ. ಫ್ರೇಮಿಗೆ 6063 ಎಂಬ ಅಲ್ಯುಮಿನಿಯಂ ಮಿಶ್ರಲೋಹದ ಬಿಲ್ಲೆಟ್ (ದಿಂಡು) ತರಿಸಿ ಎಕ್ಸ್‌ಟ್ರೂಷನ್ ಮಾಡುವುದು ಅಂದರೆ ಅಚ್ಚಿನ ಮೂಲಕ ಒತ್ತಿ ತೆಗೆಯುವುದು, ತುಕ್ಕು ತಡೆಯಲು 15 ಮೈಕ್ರಾನ್ ಆನೊಡೈಸಿಂಗ್ ಪದರ ಕೊಡುವುದು ಬೇರೆಯೇ ಉದ್ಯಮ, ಬೇಕಿದ್ದರೆ ಬೆಳೆಸಬಹುದು.

ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ, ಹೊನಗಾದಲ್ಲಿ ಈಗಾಗಲೇ ಇರುವ ಕಸುಬು ಫೌಂಡ್ರಿ, ಹೈಡ್ರಾಲಿಕ್ಸ್, ಸೂಕ್ಷ್ಮ ಯಂತ್ರಗೆಲಸ. ಲ್ಯಾಮಿನೇಟರಿನ ಕಾಯುವ ತಟ್ಟೆ ಎಲ್ಲ ಕಡೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ಕಾಯಬೇಕು, ಅಷ್ಟು ಸಮತಟ್ಟಾಗಿ ಗ್ರೈಂಡ್ ಆಗಿರಬೇಕು. ಫ್ರೇಮ್ ಮೂಲೆ ಒತ್ತುವ ಸಿಲಿಂಡರ್, ಎಕ್ಸ್‌ಟ್ರೂಷನ್ ಡೈ, ಸೆಲ್ ಎತ್ತುವ ನಿರ್ವಾತ ಹಿಡಿಕೆ, ಇವನ್ನೆಲ್ಲ ಇಲ್ಲಿಯ ಕೈಗಳು ಮಾಡಬಲ್ಲವು. ದೇಶದ ಪ್ಯಾನೆಲ್ ಘಟಕಗಳು ಈ ಯಂತ್ರಗಳನ್ನೂ ಬಹುಪಾಲು ಚೀನಾದಿಂದ ತರಿಸುತ್ತವೆ, ಬಿಡಿಭಾಗಕ್ಕೂ ಅತ್ತಲೇ ನೋಡುತ್ತವೆ. ಪ್ಯಾನೆಲ್ ಮಾಡುವ ಯಂತ್ರ ನಮ್ಮದಾಗದೆ ಪ್ಯಾನೆಲ್ ನಮ್ಮದು ಎನ್ನುವುದು ಅರ್ಧ ಮಾತು.

ಈ ಯಂತ್ರಭಾಗಗಳನ್ನೂ ಪ್ಯಾನೆಲ್ಲುಗಳನ್ನೂ ಪರೀಕ್ಷಿಸಲು ಇಲ್ಲೊಂದು ಕೇಂದ್ರ ಬೇಕು. ಅದಕ್ಕೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಜಾಗ ಮತ್ತು ಸಂಶೋಧಕರನ್ನು ಕೊಡಲಿ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು ಪರೀಕ್ಷೆಯ ಕವಲುಗಳಾಗಲಿ. ರಾಜ್ಯ ಸರ್ಕಾರ ಒಂದು ಸಣ್ಣ ಲ್ಯಾಮಿನೇಟರ್, ಒಂದು ಬೆಸುಗೆ ಯಂತ್ರ ಕೊಡಿಸಲಿ. ಉದ್ಯಮಬಾಗದವರು ತಮ್ಮ ತಟ್ಟೆ, ಸಿಲಿಂಡರುಗಳನ್ನು ಅದಕ್ಕೇ ಜೋಡಿಸಿ ನೋಡಲಿ, ಬಳಸಿದ ದಿನಗಳಿಗೆ ಬಾಡಿಗೆ ಕೊಡಲಿ. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಖರೀದಿಯ ಪ್ರತಿ ಲಾಟಿನಿಂದ ಒಂದು ಪ್ಯಾನೆಲ್ ಕಳಿಸಲಿ, ಜೊತೆಗೆ ಕೆಟ್ಟವನ್ನೆಲ್ಲ ಕಳಿಸಲಿ.

ಇಂಥ ಕೇಂದ್ರಗಳು ಹಾಳಾಗುವ ಬಗೆಯೂ ಗೊತ್ತಿರುವಂಥದ್ದೇ. ಫ್ಲ್ಯಾಶ್ ಟೆಸ್ಟರಿನಂಥ ಯಂತ್ರಕ್ಕೆ ದುಡ್ಡು ಬರುತ್ತದೆ, ಅದರ ದೀಪ ಬದಲಿಸಲು ಬರುವುದಿಲ್ಲ. ಮಾಪನದ ಮೂಲ ಪ್ಯಾನೆಲ್ಲನ್ನು ವರ್ಷಕ್ಕೊಮ್ಮೆ ತಾಳೆ ನೋಡದೆ ವರದಿಗಳು ಬೆಲೆ ಕಳೆದುಕೊಳ್ಳುತ್ತವೆ. ಕಲಿತ ಗುತ್ತಿಗೆ ನೌಕರ ಹನ್ನೊಂದನೇ ತಿಂಗಳಿಗೆ ಬಿಟ್ಟು ಹೋಗುತ್ತಾನೆ. 85 ಡಿಗ್ರಿ ಶಾಖ, ಶೇ 85 ತೇವದಲ್ಲಿ 1000 ಗಂಟೆ ನಡೆಯುವ ಪರೀಕ್ಷೆ ಅಂದರೆ ಸುಮಾರು 42 ದಿನ. ನಡುವೆ ಕರೆಂಟ್ ಹೋದರೆ ಆ ಪರೀಕ್ಷೆ ಕೆಟ್ಟಂತೆ.

ಅದಕ್ಕೇ ಮೊದಲ ವರ್ಷ ಆ ಶಾಖ, ತೇವದ ಪರೀಕ್ಷೆಯ ದೊಡ್ಡ ಛೇಂಬರ್ ಬೇಡವೇ ಬೇಡ. ಕತ್ತಲೆ ಕೋಣೆ, ಅತಿಗೆಂಪು ಫಿಲ್ಟರ್ ತೆಗೆದ ಕ್ಯಾಮೆರಾ, 14 ಆಂಪಿಯರ್ ಕೊಡುವ ಡಿಸಿ ಸಪ್ಲೈ ಇದ್ದರೆ ಸೆಲ್ಲಿನೊಳಗಿನ ಬಿರುಕಿನ ಚಿತ್ರ ತೆಗೆಯಬಹುದು. ಇವಿಎ ಬೆಂದಿದೆಯೇ ಎಂದು ನೋಡಲು ಒಂದು ಗ್ರಾಂ ತುಣುಕನ್ನು ಕ್ಸೈಲೀನ್ ಎಂಬ ಬಿಸಿ ದ್ರಾವಕದಲ್ಲಿ ಕರಗಿಸಿ, ಉಳಿದದ್ದನ್ನು ಒಣಗಿಸಿ ತೂಗಿದರೆ ಆಯಿತು. ಶೇ 75ಕ್ಕಿಂತ ಕಡಿಮೆ ಉಳಿದರೆ ಹಸಿ ಎಂದೇ ಅರ್ಥ. ಪದರದ ಹಿಡಿತ ಅಳೆಯುವ ಎಳೆತದ ಯಂತ್ರ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದೆ. ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಪ್ಯಾನೆಲ್ ಕಳಚುವ ಸಿಬ್ಬಂದಿಗೆ ಹೆಸ್ಕಾಂ, ಕ್ರೆಡಲ್ ಈಗಲೇ ಒಂದು ಸುತ್ತೋಲೆ ಕಳಿಸಬಹುದು. ಕಳಚುವ ಮುಂಚೆ ಬಿಸಿಲಿನಲ್ಲಿಯೇ ಬಿಡಿ ಪ್ಯಾನೆಲ್ಲಿನ ವೋಲ್ಟೇಜ್ ಅಳೆಯಿರಿ. 550 ವಾಟಿನ ಪ್ಯಾನೆಲ್ 49 ವೋಲ್ಟಿನ ಬದಲು 33ರ ಆಸುಪಾಸು ತೋರಿದರೆ, ನೆರಳು ಬಿದ್ದ ಸೆಲ್ಲುಗಳನ್ನು ಬಿಟ್ಟು ಕರೆಂಟಿಗೆ ಬದಲಿ ದಾರಿ ಕೊಡುವ ಮೂರು ಬೈಪಾಸ್ ಡಯೋಡುಗಳಲ್ಲಿ ಒಂದು ಸುಟ್ಟು ಶಾರ್ಟ್ ಆಗಿರುವ ಸಂಭವ ಹೆಚ್ಚು, ಗುಡುಗು ಮಳೆಯ ನಂತರ ಇದು ಆಗುತ್ತಿರುತ್ತದೆ. ವೈರನ್ನು ಬುಡಕ್ಕೆ ಕತ್ತರಿಸಬೇಡಿ, ಕನೆಕ್ಟರ್ ಸಮೇತ ಬಿಡಿ. ಊರು, ಹಾಕಿದ ತಿಂಗಳು, ಕಳಚಿದ ದಿನ, ಅಳೆದ ವೋಲ್ಟೇಜ್, ಇಷ್ಟನ್ನು ಅಳಿಸದ ಶಾಯಿಯಲ್ಲಿ ಹಿಂಬದಿಗೆ ಬರೆದು, ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಸಾಗಿಸಿ. ಮಲಗಿಸಿ ತಂದರೆ ದಾರಿಯಲ್ಲಾದ ಬಿರುಕು ಯಾವುದು, ಹೊಲದಲ್ಲಾದದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಸೌರ ಫಲಕ ತಯಾರಿಕೆ ಮತ್ತು ಪರೀಕ್ಷೆಯಲ್ಲಿ ತೊಡಗಿರುವ ಎಂಜಿನಿಯರುಗಳು,
ಉದ್ಯಮಬಾಗ, ಬೆಳಗಾವಿ