ರೆಕ್ಕೆಯ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಮೆಕ್‌ಲಾರೆನ್ ಕಂಪನಿಯ ‘ಸೆನ್ನಾ’ ಎಂಬ ಅತಿವೇಗದ ಕಾರಿನ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಬರೀ ಬೆಲೆ, ವೇಗ, ಮಾಡಿದ್ದು 500 ಕಾರು ಮಾತ್ರ ಅನ್ನೋದು. ಗ್ಯಾರೇಜಿನಲ್ಲಿ ಬ್ರೇಕ್, ಸಸ್ಪೆನ್ಷನ್ ಕೆಲಸ ಮಾಡುವ ನನಗೆ ಬೇಕಿದ್ದದ್ದೇ ಅದರಲ್ಲಿ ಇರಲಿಲ್ಲ.

ಆ ಕಾರಿನ ಜಾಣತನ ಇರುವುದು ಹಿಂದಿನ ರೆಕ್ಕೆಯಲ್ಲಿ, ಅಂದರೆ ಹಿಂಬದಿಯ ಮೇಲೆ ಅಡ್ಡಲಾಗಿ ಕೂರಿಸಿದ ಹಲಗೆಯಲ್ಲಿ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಗಾಳಿ ಇಡೀ ಕಾರನ್ನು 800 ಕೆ.ಜಿ. ಭಾರದಷ್ಟು ಕೆಳಕ್ಕೆ ಒತ್ತುತ್ತದೆ. ಪೆಟ್ರೋಲ್, ಆಯಿಲ್ ಬಿಟ್ಟರೆ ಕಾರಿನ ತೂಕವೇ 1,198 ಕೆ.ಜಿ.! ವೇಗ ಇನ್ನೂ ಏರಿದರೆ ಒತ್ತಡವೂ ಏರಬೇಕು ಅಲ್ವಾ? ಹಾಗಾದರೆ ಟೈರು, ಸಸ್ಪೆನ್ಷನ್ ಮೇಲೆ ಹೊರೆ ಜಾಸ್ತಿ. ಅದಕ್ಕೇ ರೆಕ್ಕೆ ತಾನಾಗಿ ಕೋನ ಬದಲಿಸಿ ಹೆಚ್ಚುವರಿ ಒತ್ತಡವನ್ನು ಬಿಟ್ಟುಬಿಡುತ್ತದೆ. ಕಾರಿನ ಮೂತಿಯಲ್ಲಿರುವ ಚಿಕ್ಕ ರೆಕ್ಕೆಯಂಥ ಪಟ್ಟಿಗಳೂ ಅದರ ಜೊತೆ ಕೋನ ಬದಲಿಸುತ್ತವೆ. ಜೋರಾಗಿ ಬ್ರೇಕ್ ತುಳಿದರೆ ಅದೇ ರೆಕ್ಕೆ ಎದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ.

800 ಅಶ್ವಶಕ್ತಿಯ ವಿ8 ಎಂಜಿನ್ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅಂಥ ಶಕ್ತಿ ಬೇರೆ ಕಾರುಗಳಲ್ಲೂ ಇದೆ. ಬಾಗಿಲಿನ ಕೆಳಭಾಗಕ್ಕೆ ಕೂರಿಸಿದ ಗಾಜು ಮಾತ್ರ ನನ್ನ ಕಣ್ಣಿಗೆ ಸುಮ್ನೆ ಶೋಕಿ.

ಮುಂದಿನ ಸಲ ಇಂಥ ಕಾರಿನ ಬಗ್ಗೆ ಬರೆದಾಗ ಗಾಳಿ ಎಲ್ಲಿ ಒಳಗೆ ಹೋಗಿ ಎಲ್ಲಿ ಹೊರಗೆ ಬರುತ್ತದೆ ಎಂದು ತೋರಿಸುವ ಒಂದು ಚಿತ್ರ ಹಾಕಿ.

– ಒಬ್ಬ ಮೆಕ್ಯಾನಿಕ್