ಬ್ಯಾಂಕಾಕಿನಲ್ಲಿ ಸಿಕ್ಕ ಅಣ್ಣನಿಗೆ

ನಿಮ್ಮ ಹೆಸರು ಕೇಳುವುದೇ ಮರೆತೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಲಗೇಜು ತಗೊಂಡು ಹೊರಬಂದವರೇ ಥಾಯ್ಲೆಂಡಿನ ಹಣ ಬಾತ್‌ಗೆ ಬದಲಿಸಿಕೊಳ್ಳಲು ಮೊದಲು ಕಂಡ ಕೌಂಟರಿಗೆ ಡಾಲರ್ ಚಾಚಿದ್ದೆವು. 'ರೇಟ್ ಭಾಳ ಕಡಿಮಿ ಅದ' ಎಂದು ನಾನು ಗೊಣಗಿದ್ದು ನಿಮ್ಮ ಕಿವಿಗೆ ಬಿತ್ತು.

'ಕಲಬುರಗಿಯವರೇನ್ರಿ ಅಕ್ಕಾರ? ಇಲ್ಲಿ ಕೊಡಬ್ಯಾಡ್ರಿ, ಕೆಳಗ ರೈಲಿನ ಕಡಿ ಹೋಗ್ರಿ' ಎನ್ನುತ್ತ ನೆಲಮಾಳಿಗೆ ತನಕ ಬಂದೇ ಬಿಟ್ಟಿರಿ. 100ರ ನೋಟಿಗೆ ಒಂದು ರೇಟು, 10-20ರ ನೋಟಿಗೆ ಅದಕ್ಕಿಂತ ಕಡಿಮೆ ಅಂತ ಗೊತ್ತಾಗಿದ್ದು ಅಲ್ಲೇ. ಚಿಲ್ಲರೆ ಇರಲಿ ಅಂತ ಊರಿನಿಂದ ಸಣ್ಣ ನೋಟು ಕೇಳಿ ತಂದಿದ್ದ ಜಾಣೆ ನಾನೇ! 'ಕಾರ್ಡ್ ಮಷೀನು ರೂಪಾಯಿನೋ ಬಾತೋ ಅಂತ ಕೇಳಿದ್ರ ಬಾತ್ ಒತ್ರಿ' ಅಂದಿರಿ.

ಚಹಾ ಕುಡಿಸೋಣವೆಂದರೆ ನಿಮ್ಮ ಟ್ಯಾಕ್ಸಿ ಕಾಯುತ್ತಿತ್ತು. ಶರಣಬಸವೇಶ್ವರ ಗುಡಿಗೆ ಬಂದಾಗ ನಮ್ಮನೆಗೂ ಬರ್ರಿ, ಕಡಕ್ ರೊಟ್ಟಿ ಕಟ್ಟಿಕೊಡ್ತೀನಿ.