ಎಸ್‌ಎಸ್‌ಬಿ ಸಂದರ್ಶನಕ್ಕೆ ಬಾಯಿಪಾಠದ ತಯಾರಿ ಸಾಲದು

ಮಾನ್ಯ ಸಂಪಾದಕರೇ,

ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲಿಖಿತ ಪರೀಕ್ಷೆಯ ಫಲಿತಾಂಶ ಬಂದರೆ ಸಾಕು, ನಗರದಲ್ಲಿ ಸೇನಾಧಿಕಾರಿಗಳಾಗುವವರನ್ನು ಆರಿಸುವ ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿ) ಸಂದರ್ಶನ ತರಬೇತಿಯ ಜಾಹೀರಾತುಗಳು ಕಣ್ಣಿಗೆ ರಾಚುತ್ತವೆ. ಲಿಖಿತ ಪರೀಕ್ಷೆಯಂತೆ ಸಂದರ್ಶನಕ್ಕೂ 900 ಅಂಕಗಳಿರುವುದರಿಂದ ಪೋಷಕರು ಸಾಲ ಮಾಡಿಯಾದರೂ ಶುಲ್ಕ ಕಟ್ಟುವುದು ಸಹಜವೇ. ಆದರೆ ಎನ್‌ಸಿಸಿ ಕೆಡೆಟ್‌ಗಳೊಂದಿಗೆ ಬಹುಕಾಲ ಒಡನಾಡಿದ ಅಧ್ಯಾಪಕನಾಗಿ ನಾನು ಕಂಡಂತೆ, ಹಲವೆಡೆ ನಡೆಯುತ್ತಿರುವುದು ಸಿದ್ಧ ಉತ್ತರಗಳ ಬಾಯಿಪಾಠವೇ ಹೊರತು ತಯಾರಿಯಲ್ಲ.

ಐದು ದಿನಗಳ ಈ ಪ್ರಕ್ರಿಯೆಯಲ್ಲಿ ಮನೋವಿಜ್ಞಾನಿ, ಗುಂಪು ಚಟುವಟಿಕೆಗಳ ಅಧಿಕಾರಿ ಮತ್ತು ಸಂದರ್ಶನಾಧಿಕಾರಿ ಪ್ರತಿಯೊಬ್ಬ ಅಭ್ಯರ್ಥಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ, ಕೊನೆಯ ದಿನ ಒಟ್ಟಿಗೆ ಕುಳಿತು ತಮ್ಮ ಅಭಿಪ್ರಾಯಗಳನ್ನು ತಾಳೆ ನೋಡುತ್ತಾರೆ. ಹೀಗಾಗಿ ಬರಹದಲ್ಲಿ ಮಹಾ ಮುಂದಾಳುವಾಗಿ ಕಂಡವನು, ಮೈದಾನದಲ್ಲಿ ಹಲಗೆ, ಹಗ್ಗ ಹಿಡಿದು ತಂಡದೊಂದಿಗೆ ಅಡೆತಡೆ ದಾಟುವಾಗ ಪಕ್ಕದವನ ಮಾತಿಗೆ ಕಿವಿಗೊಡದಿದ್ದರೆ ಬಣ್ಣ ಬಯಲಾಗುತ್ತದೆ. ಮೊದಲ ದಿನ ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ತೋರಿಸಿ, 4 ನಿಮಿಷಗಳಲ್ಲಿ ಕಥೆ ಬರೆಸುತ್ತಾರೆ. ಕಾಲೇಜಿನಲ್ಲಿ ನಾನು ಇದನ್ನು ಮಾಡಿಸಿದಾಗ, ತರಬೇತಿ ಪಡೆದು ಬಂದವರ ಕಥೆಗಳಲ್ಲೆಲ್ಲ ನಾಯಕನೊಬ್ಬ ಊರನ್ನು ಪ್ರವಾಹದಿಂದ ಕಾಪಾಡಿ ಜಿಲ್ಲಾಧಿಕಾರಿಗಳಿಂದ ಬಹುಮಾನ ಪಡೆದಿದ್ದ. ಚಿತ್ರದಲ್ಲಿದ್ದದ್ದು ಅಂಗಡಿಯ ಮುಂದೆ ನಿಂತ ಇಬ್ಬರು ಹೆಂಗಸರು, ಅಷ್ಟೇ! ಇನ್ನು 60 ಪದಗಳಿಗೆ ತಲಾ 15 ಸೆಕೆಂಡುಗಳಲ್ಲಿ ಅನಿಸಿದ್ದನ್ನು ಬರೆಯುವ ಪರೀಕ್ಷೆಯಲ್ಲಂತೂ ಕಂಠಪಾಠದ ಸುಭಾಷಿತ ಹುಡುಕಲು ವ್ಯವಧಾನವೇ ಇರುವುದಿಲ್ಲ.

ಸಂದರ್ಶನವು ಬಹುಮಟ್ಟಿಗೆ ಅಭ್ಯರ್ಥಿಯೇ ತುಂಬಿದ ವೈಯಕ್ತಿಕ ಮಾಹಿತಿ ನಮೂನೆಯನ್ನು ಹಿಡಿದು ಸಾಗುತ್ತದೆ. ಹವ್ಯಾಸ ಚಾರಣ ಎಂದು ಬರೆದಿದ್ದ ಹುಡುಗನೊಬ್ಬನನ್ನು ಅಣಕು ಸಂದರ್ಶನದಲ್ಲಿ ಸಾವನದುರ್ಗಕ್ಕೆ ಹೇಗೆ ಹೋಗುತ್ತೀಯಪ್ಪಾ ಎಂದು ಕೇಳಿದರೆ, ಅವನ ಬಾಯಲ್ಲಿ ಮಾಗಡಿಯ ಹೆಸರೂ ಬರಲಿಲ್ಲ. ಅದೇ ಹುಡುಗ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ತಂದೆಯ ಹೂವಿನ ವ್ಯಾಪಾರಕ್ಕೆ ನೆರವಾಗುತ್ತಿದ್ದ. ಬೆಲೆ ಕುಸಿದ ದಿನ ಉಳಿದ ಸೇವಂತಿಗೆಯನ್ನು ಯಾರಿಗೆ, ಎಷ್ಟಕ್ಕೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದವನೂ ಅವನೇ. ಅದನ್ನೆಲ್ಲ ಹೇಳಬೇಡ ಎಂದು ತರಬೇತಿ ಕೇಂದ್ರದವರು ತಾಕೀತು ಮಾಡಿದ್ದರಂತೆ. ಹೊಣೆಗಾರಿಕೆಯನ್ನೂ ನಿರ್ಧಾರ ಕೈಗೊಳ್ಳುವ ಶಕ್ತಿಯನ್ನೂ ಹುಡುಕುವ ಅಧಿಕಾರಿಯ ಮುಂದೆ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ಇನ್ನೇನಿದೆ?

ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್‌ನಲ್ಲಿ ಮಾತನಾಡುವ ಅಳುಕು ಇರುವುದು ನಿಜ. ಪತ್ರಿಕೆ ಓದಿ, ಒಂದು ವಿಷಯದ ಮೇಲೆ ಗೆಳೆಯರ ಮುಂದೆ ದಿನಕ್ಕೆ 3 ನಿಮಿಷ ಮಾತನಾಡುತ್ತಾ ಬಂದರೆ ಅದು ಕ್ರಮೇಣ ಕಡಿಮೆಯಾಗುತ್ತದೆ.

ಭೂಸೇನೆಯ ದಕ್ಷಿಣ ಆಯ್ಕೆ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ನಿವೃತ್ತ ಸೇನಾಧಿಕಾರಿಗಳಿಗೂ ಇಲ್ಲಿ ಕೊರತೆಯಿಲ್ಲ. ಕಾಲೇಜು ಶಿಕ್ಷಣ ಇಲಾಖೆಯು ಅವರ ನೆರವು ಪಡೆದು, ಎನ್‌ಸಿಸಿ ಘಟಕವಿರುವ ಸರ್ಕಾರಿ ಕಾಲೇಜುಗಳಲ್ಲಿ ಭಾನುವಾರ ಉಚಿತ ಅಭ್ಯಾಸ ಶಿಬಿರಗಳನ್ನು ನಡೆಸಬೇಕು. ಎನ್‌ಸಿಸಿ ‘ಸಿ’ ಪ್ರಮಾಣಪತ್ರ ಪಡೆದ ಅರ್ಹ ಪದವೀಧರರಿಗೆ ಭೂಸೇನೆಯ ವಿಶೇಷ ಪ್ರವೇಶದಲ್ಲಿ ಯುಪಿಎಸ್‌ಸಿ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ ಸಂದರ್ಶನವೇ ಮುಖ್ಯವಾಗಿರುವುದರಿಂದ, ಮೊದಲು ಅವರಿಂದಲೇ ಆರಂಭಿಸಬಹುದು. ಸುಪ್ರೀಂ ಕೋರ್ಟ್‌ನ 2021ರ ಆದೇಶದ ಬಳಿಕ ಎನ್‌ಡಿಎ ಪರೀಕ್ಷೆ ಬರೆಯುತ್ತಿರುವ ಹೆಣ್ಣುಮಕ್ಕಳಲ್ಲಿ ಹಲವರನ್ನು ಮನೆಯವರು ದುಬಾರಿ ಶುಲ್ಕದ ದೂರದ ತರಬೇತಿಗೆ ಕಳುಹಿಸುವುದಿಲ್ಲ. ಮನೆಗೆ ಹತ್ತಿರದ ಕಾಲೇಜಿನಲ್ಲೇ ಶಿಬಿರ ನಡೆದರೆ ಅವರೂ ಬರುತ್ತಾರೆ.

– ನಿವೃತ್ತ ಅಧ್ಯಾಪಕ, ಬಸವನಗುಡಿ, ಬೆಂಗಳೂರು